ಉಳಿದ ಹನ್ನೊಂದು ತೊಲ

ನಾನು ಎತ್ತುವಳಿ ಕಚೇರಿಯ ಮೂರನೇ ಗುಮಾಸ್ತ.
ನಮ್ಮ ತೆಲ್ಮಾರದಲ್ಲಿ ಯಾರು ಮನಸ್ಸಿನಿಂದ ಏನನ್ನು ಎತ್ತಿದರು,
ಎಲ್ಲಿಂದ ಎಲ್ಲಿಗೆ, ಯಾಕೆ,
ಬರೆದಿಡುವುದು ನನ್ನ ಕೆಲಸ.
ತಲೆಗೆ ತಿಂಗಳಿಗೆ ನಲವತ್ತು ತೊಲ.
ಸೂಲಗಿತ್ತಿಯರಿಗೆ ಅರವತ್ತು.
ಹೊಸದಾಗಿ ಮದುವೆಯಾದವರಿಗೆ ಮೊದಲ ವರ್ಷ
ಏನೂ ಇಲ್ಲ.

ಕಾರಣ ಕೇಳಿದರೆ ಹೊಳೆ ತೋರಿಸುತ್ತೇವೆ.
ಸೇತುವೆಯ ಎರಡು ತುದಿ ಈಗಲೂ ನಿಂತಿವೆ,
ನಡುವಿನದು ಅಕ್ಕತಂಗಿಯರ ಜಗಳಕ್ಕೆ ಹೋಯಿತು,
ಮುನ್ನೂರು ವರ್ಷದ ಹಿಂದೆ, ಒಂದು ಕಂಬಳಿಯ ವಿಷಯಕ್ಕೆ.
ಅವತ್ತು ಸೇತುವೆಯ ಮೇಲೆ ಸಂತೆ ಇತ್ತು.

ಅಂದಿನಿಂದ ನಾವು ಮೆಲ್ಲಗೆ.
ಮಕ್ಕಳ ಅಂಗೈಗೆ ಹಿಮದ ತುಂಡಿಟ್ಟು ಹೇಳಿಕೊಡುತ್ತೇವೆ:
ಕರಗುವುದು ಅದರ ಕೆಲಸ, ನಿನ್ನದಲ್ಲ.
ಹೆಣದ ಮುಂದೆ ನಿಂತು 'ಆಯಿತು' ಎನ್ನುತ್ತೇವೆ,
ಮಗು ಹುಟ್ಟಿದರೂ 'ಆಯಿತು'.
ದನಿ ಎರಡಕ್ಕೂ ಒಂದೇ ಇರಬೇಕು.
ಕೂದಲೆಳೆಯಷ್ಟು ಆಚೀಚೆಯಾದರೂ
ಪಕ್ಕದ ಮನೆಯ ಚಮಚಗಳು ಗಲಗಲ ಎಂದು
ಚಾಡಿ ಹೇಳುತ್ತವೆ.

ಔಶೆ ಬಂದದ್ದು ಬಾಗಿಲು ಹಾಕುವ ಹೊತ್ತಿಗೆ,
ಗಂಡನ ಸೀಸದ ಉಂಗುರ ಹಿಂದಿರುಗಿಸಲು.
ತೊರ್ವಿನ್, ಗಡಿಯಾರ ರಿಪೇರಿಯವನು.
ಈ ಗೋಡೆಯ ಮೇಲಿನದನ್ನೂ ಅವನೇ ಸರಿಮಾಡಿದ್ದ;
ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ.
ಕಡತ ತೆಗೆದು ಓದಿದೆ:
ಈ ತಿಂಗಳು ಬಳಸಿದ್ದು ಇಪ್ಪತ್ತೊಂಬತ್ತು.
ಉಳಿದದ್ದು ಹನ್ನೊಂದು.

"ಆ ಹನ್ನೊಂದು ನನಗೆ ಬರುತ್ತದೆಯೆ?"
"ನಿಮ್ಮ ಪಾಲು ನಿಮಗಿದೆಯಲ್ಲ."
"ನನ್ನದಲ್ಲ," ಎಂದಳು. "ಅವನದು."

ಮನೆಯ ತೊಲೆಯ ಮೇಲೆ ಒಂದು ತಗಡಿನ ಡಬ್ಬಿ ಇದೆಯಂತೆ.
ತಿಂಗಳ ಕೊನೆಯ ರಾತ್ರಿ, ದೀಪ ಸಣ್ಣ ಮಾಡಿ,
ಕುರ್ಚಿಯಲ್ಲಿ ಕೂತೇ ಅದನ್ನು ಇಳಿಸುತ್ತಿದ್ದನಂತೆ.
ಅವಳಿಗೊಂದು ಒಣ ಪ್ಲಮ್, ತನಗೊಂದು.
ಮತ್ತೆ ಏರಿಸುತ್ತಿದ್ದನಂತೆ.
ಇಳಿಸಲು ಐದೂವರೆ, ಏರಿಸಲು ಐದೂವರೆ.
ಮಾತಿಲ್ಲ.
ಬೀಜ ಉಗಿಯುವ ಸದ್ದು, ಅಷ್ಟೆ.

ನಾನು ಹಿಂದಿನ ಪುಟಗಳನ್ನು ತಿರುವಿದೆ.
ಇಪ್ಪತ್ತಾರು ವರ್ಷ. ಪ್ರತಿ ತಿಂಗಳ ಕೊನೆಯ ಸಾಲು
ಹನ್ನೊಂದು ತೊಲ, ಕಾರಣ: ಡಬ್ಬಿ.
ಎಲ್ಲ ನನ್ನದೇ ಅಕ್ಷರ.
ಒಂದು ಚಳಿಗಾಲ ಅವನ ಅಂಗಡಿಯ ಚಾವಣಿ ಕುಸಿದಾಗ
ಇಪ್ಪತ್ತೊಂಬತ್ತಕ್ಕೇ ನಿಲ್ಲಿಸಿ, ಉಳಿದದ್ದಕ್ಕೆ
ಕೂಲಿಯವರನ್ನು ಕರೆಸಿದ್ದ.
ಎಂಥ ಜುಗ್ಗ, ಅಂದುಕೊಂಡು
ಮರಳು ಚೆಲ್ಲಿ ಶಾಯಿ ಒಣಗಿಸಿದ್ದೆ.

"ಮನೆಯಲ್ಲಿ ಏಣಿ ಇಲ್ಲವೆ?"
"ಏಣಿ ಇದೆ."

ಕಾನೂನು ಹೇಳಿದೆ. ಹೇಳಲೇಬೇಕು.
ಸತ್ತವರ ಉಳಿಕೆ ಖಜಾನೆಗೆ,
ಖಜಾನೆ ತುಂಬಿದ ದಿನ ಸೇತುವೆಗೆ.
ಆ ದಿನ ನನ್ನ ಅಜ್ಜನ ಕಾಲದಲ್ಲೂ
ಬರುವ ವರ್ಷವೇ ಇತ್ತು.

ಹೇಳುತ್ತಲೇ ಶಾಯಿಬುಡ್ಡಿಯ ಮೇಲೆ ಕಣ್ಣಿಟ್ಟಿದ್ದೆ, ಅದೂ ನೌಕರಿ.
ಒಂದು ಅಲೆ ಏಳಲಿಲ್ಲ.
ಹೆಬ್ಬೆಟ್ಟು ಒತ್ತಿದಳು. ಬೆರಳನ್ನು ಸೆರಗಿಗೆ ಒರೆಸಲಿಲ್ಲ,
ನೀಲಿಯನ್ನು ಹಾಗೇ ಮುಷ್ಟಿಯೊಳಗಿಟ್ಟುಕೊಂಡಳು.
"ಆಯಿತು," ಎಂದಳು.
ಶಾಲೆಯ ಮೊದಲ ಬೆಂಚಿನ ದನಿ.
ಹೋದಳು.

ಉಂಗುರ ಮೇಜಿನ ಮೇಲೆ.
ಅದರ ಒಳಸುತ್ತು ಸವೆದು ಹೊಳೆಯುತ್ತಿತ್ತು.
ಕಡತದಲ್ಲಿ ಅಡ್ಡಗೆರೆ ಎಳೆದು ಮುಚ್ಚಬೇಕಿತ್ತು.
ಲೇಖನಿ ಅದ್ದಿ, ಸತ್ತವನ ಹೆಸರಿನ ಕೆಳಗೆ,
ಅವನು ಸತ್ತು ಒಂಬತ್ತನೆಯ ದಿನದ ತಾರೀಖು ಹಾಕಿ
ಬರೆದೆ:
ಹನ್ನೊಂದು ತೊಲ. ಕಾರಣ: ಡಬ್ಬಿ.
ಬಾಕಿ: ಸೊನ್ನೆ.

ಇದಕ್ಕೆ ಶಿಕ್ಷೆ ಏನು ಎಂದು ಬಲ್ಲೆ;
ಆ ಪುಟದ ನಕಲು ತೆಗೆದವನೂ ನಾನೇ.
ಅವಳು ಇನ್ನು ಮೇಲೆ ನೋಡುತ್ತಾ ಕೂರುತ್ತಾಳೋ,
ಏಣಿ ಹಾಕುತ್ತಾಳೋ, ಗೊತ್ತಿಲ್ಲ.
ಮನಸ್ಸು ಹಗುರಾಯಿತೆ ಎಂದು ಮಾತ್ರ ಕೇಳಬೇಡಿ,
ನಮ್ಮಲ್ಲಿ ಹಗುರಕ್ಕೂ ರಸೀದಿ ಬೇಕು.

ಗೋಡೆಯಾಚೆ ಎರಡನೇ ಗುಮಾಸ್ತನ ಲೋಟದಲ್ಲಿ
ಚಮಚ ಒಮ್ಮೆ
ಗಲ್ ಎಂದಿತು.

ಅವನು ಜೋರಾಗಿ ಕೆಮ್ಮಿದ,
ಕೆಮ್ಮು ಇಲ್ಲದವನು.