ಹತ್ತಿ

ಡಬ್ಬಿಯಲ್ಲಿ ಮೂವತ್ತು ಮಾತ್ರೆ.
ಶಿಡ್ಲಘಟ್ಟದ ಬಸ್ಸು ಗುಂಡಿ ಹಾರಿದರೆ ಸಾಕು,
ಗಲಗಲ, ಊರಿಗೆಲ್ಲ ಕೇಳುವ ಹಾಗೆ.
ಹತ್ತಿ ತುರುಕಿ ಅದರ ಬಾಯಿ ಮುಚ್ಚಿಸುತ್ತೇನೆ.

ಹಗಲೆಲ್ಲ ಬಿಸಿನೀರಲ್ಲಿ ಕೈ,
ಬೆಂದ ಗೂಡಿನ ತುದಿ ಹುಡುಕುವ ಬೆರಳು.
ರಾತ್ರಿ ಒಂಬತ್ತಕ್ಕೆ ಒಂದು ಮಾತ್ರೆ,
ಹನ್ನೊಂದು ವರ್ಷ,
ಅತ್ತೆ ಸತ್ತ ರಾತ್ರಿಯೂ ತಪ್ಪಿಸಲಿಲ್ಲ.

"ವೈರಸ್ಸು ಲೆಕ್ಕಕ್ಕೇ ಸಿಗುತ್ತಿಲ್ಲ ಕಣಮ್ಮ"
ಅಂದರು ಈ ಸಲ ಚಿಕ್ಕಬಳ್ಳಾಪುರದ ಡಾಕ್ಟರಮ್ಮ.
ನಾನು ಯಾರ ಲೆಕ್ಕಕ್ಕೆ ಸಿಕ್ಕಿದ್ದೆ, ಹೇಳಿ.

ಹೊರಗೆ ಸಾಲಿನಲ್ಲಿ ಮೆಹರ್‌ತಾಜ್,
ನನ್ನ ಪಕ್ಕದ ತೊಟ್ಟಿಯವಳು!
ಇಬ್ಬರೂ ಗೋಡೆಯ ಕ್ಯಾಲೆಂಡರ್ ಓದಿದೆವು,
ಬಹಳ ಹೊತ್ತು.

ವಾಪಸ್ಸು ಬಸ್ಸಲ್ಲಿ ಅವಳ ಚೀಲ ಗಲಗಲ.
ಪಾಪ, ಹೊಸಬಳು.
ನನ್ನ ಹತ್ತಿ ಅರ್ಧ ಕಿತ್ತು ಕೊಟ್ಟೆ.

ಮುಂದಿನ ಗುಂಡಿಗೆ
ಎರಡು ಡಬ್ಬಿಯೂ ಸಣ್ಣಗೆ ಸದ್ದು ಮಾಡಿದವು.
ಮೊದಲು ನಕ್ಕವಳು ಅವಳೇ.