ಬಹುವಚನ

ಪುಂಟಾ ಅರೀನಸ್, ಇಳಿಯುವ ಹೊತ್ತು, ಅಡ್ಡಗಾಳಿ.
ಎಡಸೀಟಿನಲ್ಲಿ ಕ್ಯಾಪ್ಟನ್ ಉರ್ರುಟಿಯಾ:
ಹದಿನಾರು ವರ್ಷ ಯುದ್ಧವಿಮಾನ, ಒಬ್ಬರದೇ ಗೂಡು;
ಪಕ್ಕದಲ್ಲಿ ಇನ್ನೊಂದು ಉಸಿರಿರುವುದು
ಇನ್ನೂ ರೂಢಿಯಾಗಿಲ್ಲ.

ನಾನು, ರಾಯೇನ್,
ಚಿಲೊಯೆ ದ್ವೀಪಗಳಿಗೆ ಪುಟ್ಟ ಸೆಸ್ನಾದಲ್ಲಿ
ಟಪಾಲು, ಕುರಿಮರಿ, ದಿನ ತುಂಬಿದ ಬಸುರಿಯರನ್ನು ಹೊತ್ತವಳು.
ಗಾಳಿಯನ್ನು ಓದಲು ಕಲಿತದ್ದು
ಒಲೆಯ ಹೊಗೆಯಲ್ಲಿ.

ಕೆಳಗೊಂದು ಚಿಮಣಿ. ಹೊಗೆ ಮಗ್ಗುಲು ಬದಲಿಸಿತು.
“ಗಾಳಿ ತಿರುಗಿದ ಹಾಗಿದೆ, ಸರ್.”
“ನಿನ್ನ ಪಟ್ಟಿ ಓದು.”
ಓದಿದೆ. ಫ್ಲ್ಯಾಪ್, ಚಕ್ರ, ದೀಪ.
“ತಾವು ಒಮ್ಮೆ ಆ ಹೊಗೆ ನೋಡಿದರೆ…”
ರನ್‌ವೇ ಓರೆಯಾಗಿ ಎದ್ದು ಬಂತು.

“ಎತ್ತು!”
ಅಂದದ್ದು ನಾನೇ.
ಎತ್ತಿದರು.

ಮೋಡದ ಮೇಲೆ ಬಹಳ ಹೊತ್ತು ಎಂಜಿನ್ನಿನದೇ ಮಾತು.
ಎರಡನೇ ಸಲ ಇಳಿಯುವಾಗ
ಕತ್ತು ನನ್ನತ್ತ ಹೊರಳಿತು:
“ಹೊಗೆ ಏನನ್ನುತ್ತೆ, ಹೇಳಿ.”