ಖಾಲಿ ಜಾಗದ ಕೂಲಿ

ಓಸ್ಟಿಯಾ ಬಂದರಿನ ಹಿಂದೆ, ಗೋರಿಗಳ ಬೀದಿಯಲ್ಲಿ
ನನ್ನ ಅಂಗಡಿ. ಅಕ್ಷರಕ್ಕಿಷ್ಟು ಎಂದು ದರ.
ಗಂಡಸರ ಹೆಸರಲ್ಲಿ ಲಾಭ:
ತನ್ನದೊಂದು, ಕುಲದ್ದೊಂದು, ಮೇಲೊಂದು ಅಡ್ಡಹೆಸರು.
ಯಾವನೋ ಮುತ್ತಜ್ಜನ ಮೂಗಿನ ಮೇಲಿದ್ದ ಗಂಟನ್ನು
ಐದು ತಲೆಮಾರು ಕಳೆದ ಮೇಲೂ
ನೆಟ್ಟನೆ ಮೂಗಿನವನ ಕಲ್ಲಿನಲ್ಲಿ ಕೆತ್ತುತ್ತೇನೆ.
ಮೊದಲ ಹೆಸರಿಗೆ ಮಾತ್ರ ಒಂದೇ ಅಕ್ಷರ ಸಾಕು;
ಊರಿಗೆಲ್ಲ ಇರುವುದು ಇಪ್ಪತ್ತು ದಾಟದು.

ಹೆಣ್ಣುಮಕ್ಕಳದ್ದು ಅಗ್ಗ.
ರುಟಿಲಿಯಸ್‌ನ ಮನೆಯಲ್ಲಿ ಹುಟ್ಟಿದರೆ ರುಟಿಲಿಯಾ.
ಎರಡನೆಯವಳೂ ರುಟಿಲಿಯಾ.
ಮೂರನೆಯವಳಿಗೆ ‘ಮೂರನೆಯವಳು’ ಎಂಬ ಬಾಲ.
ಅಂಗಳದಲ್ಲಿ ನಿಂತು ಒಮ್ಮೆ ಕೂಗಿದರೆ
ಸೋದರತ್ತೆ, ಅಕ್ಕ, ತಂಗಿ
ಒಟ್ಟಿಗೇ ತಿರುಗುತ್ತಾರೆ, ಯಾರಿಗೋ ಊಟ ಆರುತ್ತದೆ.

ಆ ಮನೆಯ ಹೆರೆನ್ನಿಯಾ ಬಂದಳು, ಆಲಿವ್ ಬಡಿಯುವ ತಿಂಗಳು.
ಎದೆಯ ಬಟ್ಟೆ ಹಾಲಿಗೆ ಒದ್ದೆ.
ಹೆಣ್ಣಾದರೆ ಎಂಟನೆಯ ದಿನ ಶುದ್ಧಿ, ಅಂದೇ ಹೆಸರು;
ಮಗು ಏಳನೆಯ ಇರುಳೇ ಹೊರಟುಹೋಗಿತ್ತು,
ಹೇಳಹೆಸರಿಲ್ಲದೆ.
ಗಂಡ ಅಂದನಂತೆ: ಹೆಸರಿಲ್ಲದ್ದಕ್ಕೆ ಕಲ್ಲೇಕೆ?
ಓಲೆ ಮಾರಿ ಬಂದಿದ್ದಳು.

‘ರುಟಿಲಿಯಾ ಎಂದೇ ಹಾಕಲೆ?’
‘ಅದು ಅವಳಿಗಿಂತ ಮೊದಲೇ ಬಂದು ಕೂತಿತ್ತು,
ಅಕ್ಕಂದಿರ ಹಳೆ ಚಪ್ಪಲಿಯ ಹಾಗೆ.
ಕಾಲಿಗೆ ಏರಿಸಿರಲಿಲ್ಲ.’
‘ನೀವೇನು ಕರೆಯುತ್ತಿದ್ದಿರಿ?’
ಬಾಯಿ ತೆರೆದಳು. ಹಗ್ಗ ಎಳೆಯುವವರ ಗದ್ದಲ.
ಎರಡನೆಯ ಸಲ ಹೇಳಲಿಲ್ಲ.
ಕಲ್ಲಿನ ಮೇಲೆ ಬೆರಳಿಟ್ಟು ಅಳೆದಳು:
‘ಇಷ್ಟು ಜಾಗ ಬಿಡು. ಖಾಲಿ ಜಾಗಕ್ಕೆ ಕೂಲಿ ಉಂಟೆ?’

ಉಂಟು. ಅಕ್ಷರವಾದರೆ ಕಲ್ಲಿನ ಕುಂದನ್ನು ಮುಚ್ಚುತ್ತದೆ,
ಖಾಲಿ ಏನನ್ನೂ ಮುಚ್ಚದು.
ಮರಳು, ನೀರು, ಮತ್ತೆ ಮರಳು. ಸಂಜೆಯವರೆಗೆ ಉಜ್ಜಿದೆ.

ನನ್ನ ಹಲಗೆಯ ಮೇಲೂ ಮೂರು ಹೆಸರಿವೆ.
ಬಿಡುಗಡೆಯ ದಿನ ಒಡೆಯ ತನ್ನೆರಡನ್ನು ಕೊಟ್ಟ.
ಬಾಲಕ್ಕಿರುವ ಫೆಲಿಕ್ಸ್, ಅದೃಷ್ಟವಂತ,
ಡೆಲೋಸ್‌ನ ದಲ್ಲಾಳಿ ಇಟ್ಟದ್ದು, ಬೇಗ ಬಿಕರಿಯಾಗಲೆಂದು.
ಒರಾಂಟಿಸ್ ನದಿಯ ದಡದಿಂದ ಅಮ್ಮ ಕೂಗುತ್ತಿದ್ದದ್ದು
ಎಲ್ಲಿಯೂ ಇಲ್ಲ. ಇಲ್ಲಿಯವರ ಅಕ್ಷರಗಳಲ್ಲಿ
ಅದರ ಮೊದಲ ದನಿಯೇ ಇಲ್ಲ.

ಉಜ್ಜುವಾಗ ಒಮ್ಮೆ, ಮೆಲ್ಲಗೆ,
ಅದನ್ನು ನಾನೇ ಕರೆದೆನೇನೋ.
ಎದುರಿನ ಅಂಗಡಿಯ ನಾಯಿ ತಲೆಯೆತ್ತಿತು.

ಮೂರನೆಯ ದಿನ ಬಂದು ಕೈಯಾಡಿಸಿ ನೋಡಿದಳು.
ಆರು ಅಕ್ಷರದ ದರ ಹೇಳಿದೆ.
ಎಣಿಸಿ ಕೊಟ್ಟಳು. ಚೌಕಾಶಿ ಮಾಡಲಿಲ್ಲ.